ಚಿನ್ನದ ಟೊಪ್ಪಿಗೆಯ ಕೆಳಗಿನ ನೋವು

ದಂತವೈದ್ಯರು ಅದನ್ನು ‘ಕ್ರೌನ್’ ಎನ್ನುತ್ತಾರೆ. ಅವರ ಬಳಿಗೆ ಹೋಗಿಬಂದ ನಾವು ‘ಕ್ಯಾಪು’ ಎನ್ನುತ್ತೇವೆ. ಇಂಗ್ಲಿಷಿನ ಕಿರೀಟ ಕನ್ನಡಿಗನ ಬಾಯಿಗೆ ಬರುವಷ್ಟರಲ್ಲಿ ಟೊಪ್ಪಿಗೆಯಾದದ್ದು ಸರಿಯಾಗಿಯೇ ಇದೆ. ಕಿರೀಟವನ್ನು ತೊಡುವುದು ಮೆರೆಯುವುದಕ್ಕೆ. ಟೊಪ್ಪಿಗೆಯನ್ನು ಬಿಸಿಲಿಗಾಗಿ ತೊಡುವವರುಂಟು, ಚಳಿಗಾಗಿ ತೊಡುವವರುಂಟು, ಬೋಳುತಲೆಯನ್ನು ಮರೆಮಾಡಲು ತೊಡುವವರೂ ಉಂಟು. ಹುಳುಕು ತಿಂದು ಬಿಟ್ಟ ಹಲ್ಲನ್ನು ಗೂಟದ ಹಾಗೆ ತೇದು, ಅದರ ಮೇಲೆ ಚಿನ್ನದ್ದೋ ಪಿಂಗಾಣಿಯದೋ ಕವಚವೊಂದನ್ನು ಅಂಟಿಸಿದರೆ ಹಲ್ಲಿಗೆ ರಕ್ಷಣೆಯೂ ಆಯಿತು, ಮರೆಯೂ ಆಯಿತು. ತೊಂದರೆ ಹುಟ್ಟುವುದು ಈ ಮರೆಯ ಕೆಳಗೆ ನೋವು ಎದ್ದಾಗ. ಹೊರಗೆ ಎಲ್ಲವೂ ನುಣ್ಣಗೆ, ಬೆಳ್ಳಗೆ ಇದೆ. ಒಳಗೆ ಏನು ನಡೆದಿದೆಯೆಂದು ಕಾಣದು. ಹಾಗಾದಾಗ ಏನು ಮಾಡಬೇಕು? ಟೊಪ್ಪಿಗೆಯನ್ನು ತೂತುಮಾಡಿ ಒಳಹೊಗಬೇಕೆ, ಕಿತ್ತೆಸೆದು ನೋಡಬೇಕೆ, ಅಥವಾ ಹಲ್ಲನ್ನೇ ಕಿತ್ತು ಪೀಡೆ ಕಳೆದುಕೊಳ್ಳಬೇಕೆ? ಈ ಮೂರು ಪ್ರಶ್ನೆಗಳ ಹಿಂದೆ ಸುಮಾರು ಇನ್ನೂರೆಂಬತ್ತು ವರ್ಷಗಳ ಕತೆಯಿದೆ. ಅದರಲ್ಲಿ ಜಾಣತನವುಂಟು, ದುರಾಸೆಯುಂಟು, ಲಕ್ಷಾಂತರ ಗಟ್ಟಿ ಹಲ್ಲುಗಳನ್ನು ಬಲಿತೆಗೆದುಕೊಂಡ ಒಂದು ಪಂಡಿತಭ್ರಾಂತಿಯೂ ಉಂಟು.

ನೋವಿನ ಕಾರಣದಿಂದಲೇ ಪ್ರಾರಂಭಿಸೋಣ. ನಾವು ಕೆಟ್ಟ ಹಲ್ಲಿಗೆ ‘ಹುಳುಕು ಹಲ್ಲು’ ಎನ್ನುತ್ತೇವೆ. ಆ ಮಾತಿನ ಹೊಟ್ಟೆಯಲ್ಲೇ ಹುಳುವಿದೆ. ಹಲ್ಲನ್ನು ಒಳಗಿನಿಂದ ಹುಳುವೊಂದು ಕೊರೆದು ತಿನ್ನುತ್ತದೆಂಬ ನಂಬಿಕೆ ನಮ್ಮದೊಂದೇ ಅಲ್ಲ. ಬ್ಯಾಬಿಲೋನಿಯದ ಜೇಡಿಮಣ್ಣಿನ ಫಲಕವೊಂದರಲ್ಲಿ ಹಲ್ಲುನೋವಿನ ಮಂತ್ರವಿದೆ. ಸೃಷ್ಟಿಯ ಕಾಲದಲ್ಲಿ ಹುಳು ದೇವರ ಮುಂದೆ ಹೋಗಿ ತನ್ನ ಆಹಾರವೇನೆಂದು ಕೇಳಿತಂತೆ. ದೇವರು ಹಣ್ಣು ಕೊಡಲು ಬಂದರೆ ಅದು ಬೇಡವೆಂದು, ಮನುಷ್ಯನ ಹಲ್ಲು ಒಸಡುಗಳ ನಡುವೆ ಜಾಗ ಬೇಡಿತಂತೆ. ನಮ್ಮ ಸುಶ್ರುತನೂ ಹಲ್ಲಿನ ರೋಗಗಳಲ್ಲಿ ‘ಕ್ರಿಮಿದಂತಕ’ವನ್ನು ಎಣಿಸುತ್ತಾನೆ. ಆದರೆ ಆತ ಬರಿಯ ಹೆಸರಿಗೆ ನಿಲ್ಲಲಿಲ್ಲ. ಹಲ್ಲಿನ ರೋಗಗಳನ್ನೂ ಹಲ್ಲಿನ ಬುಡದ ರೋಗಗಳನ್ನೂ ಬೇರೆ ಬೇರೆಯಾಗಿ ವಿಂಗಡಿಸಿದ. ಬುಡದಲ್ಲಿ ಕೀವಿನ ನಾಳವಾದ ಹಲ್ಲನ್ನು ಕೀಳಬೇಕೆಂದ. ಗಟ್ಟಿಯಾಗಿ ನಿಂತ ಮೇಲ್ದವಡೆಯ ಹಲ್ಲನ್ನು ಮಾತ್ರ ಕೀಳಬಾರದು, ರಕ್ತ ಹರಿದು ಅನರ್ಥವಾಗುತ್ತದೆ ಎಂದು ಎಚ್ಚರಿಸಿದ. ಕೀಳುವುದಕ್ಕೆ ಮುಂಚೆ ಯೋಚಿಸು ಎಂಬ ಮಾತು ಇಷ್ಟು ಹಳೆಯದು.

ಹಳ್ಳಿಗಳಲ್ಲಿ ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಆ ಹೊಗೆಯನ್ನು ಬಾಯೊಳಗೆ ಹಿಡಿಸಿ ‘ಹುಳು’ ಬೀಳಿಸುವ ಮದ್ದು ಇತ್ತು. ಯೂರೋಪಿನಲ್ಲಿ ಇದೇ ಕೆಲಸಕ್ಕೆ ಹೆನ್‌ಬೇನ್ ಎಂಬ ಗಿಡದ ಬೀಜ ಬಳಸುತ್ತಿದ್ದರು. ಕಾವಿಗೆ ಬಿರಿದ ಬೀಜದಿಂದ ಹೊರಬಿದ್ದ ಬಿಳಿಯ ಎಳೆಯನ್ನೇ ಹುಳುವೆಂದು ತೋರಿಸಿ ಹಣ ಪಡೆದ ಸಂತೆಯ ವೈದ್ಯರು ಅಲ್ಲಿಯೂ ಇದ್ದರು. ಆ ಹೊಗೆಗೆ ನೋವನ್ನು ಮಂಕುಮಾಡುವ ಗುಣವಿದ್ದುದರಿಂದ ರೋಗಿ ಸಮಾಧಾನಗೊಂಡು ಮನೆಗೆ ಹೋಗುತ್ತಿದ್ದ. ಹುಳು ಬಿದ್ದಿತೆಂಬುದಕ್ಕೆ ಅವನಿಗೆ ಇನ್ನೇನು ಸಾಕ್ಷಿ ಬೇಕು?

ಈ ಹುಳುವನ್ನು ಹೊರಗೆ ಹಾಕಿದವನು ಪ್ಯಾರಿಸಿನ ಪಿಯೆರ್ ಫೋಶಾರ್. 1728ರಲ್ಲಿ ಆತ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ‘ಶಸ್ತ್ರವೈದ್ಯ ದಂತವೈದ್ಯ’ ಎಂಬ ಗ್ರಂಥದಿಂದಲೇ ಆಧುನಿಕ ದಂತವೈದ್ಯ ಆರಂಭವಾಯಿತೆನ್ನುವುದು ವಾಡಿಕೆ. ಸೂಕ್ಷ್ಮದರ್ಶಕ ಹಿಡಿದು ಹುಡುಕಿದರೂ ತನಗೆ ಹಲ್ಲಿನ ಹುಳು ಕಾಣಲಿಲ್ಲವೆಂದು ಆತ ಬರೆದ. ನೋಯುವ ಹಲ್ಲಿನ ಕುಳಿಗೆ ಲವಂಗದ ಎಣ್ಣೆ, ದಾಲ್ಚಿನ್ನಿಯ ಎಣ್ಣೆ ಹಾಕಿದ. ನಮ್ಮ ಮನೆಗಳಲ್ಲಿ ಅಜ್ಜಿಯರು ಹತ್ತಿಯಲ್ಲಿ ಅದ್ದಿ ಇಡುತ್ತಿದ್ದ ಲವಂಗದೆಣ್ಣೆಯೂ ಇದೇ. ಅದರ ಸತ್ವವಾದ ಯೂಜಿನಾಲ್ ಇಂದಿಗೂ ದಂತವೈದ್ಯರ ಕಪಾಟಿನಿಂದ ಇಳಿದಿಲ್ಲ. ಮೇಲ್ಭಾಗ ಮುರಿದು ಬೇರು ಮಾತ್ರ ಉಳಿದ ಹಲ್ಲಿಗೆ ಫೋಶಾರ್ ಬೇರಿನೊಳಗೆ ಲೋಹದ ಮೊಳೆ ನಿಲ್ಲಿಸಿ, ಅದರ ಮೇಲೆ ದಂತದಿಂದ ಕೆತ್ತಿದ ಹಲ್ಲನ್ನು ಕೂರಿಸುತ್ತಿದ್ದ. 1746ರಲ್ಲಿ ಅದೇ ಪ್ಯಾರಿಸಿನ ಕ್ಲೋಡ್ ಮೂತೊಂ ಎಂಬಾತ ದವಡೆ ಹಲ್ಲಿಗೆ ಚಿನ್ನದ ಚಿಪ್ಪು ತೊಡಿಸುವ ವಿಧಾನವನ್ನು ವಿವರಿಸಿದ. ನಮ್ಮ ‘ಕ್ಯಾಪಿ’ನ ಮೂಲಪುರುಷ ಈತನೆನ್ನಬಹುದು. ಹತ್ತು ವರ್ಷಗಳ ಮೇಲೆ, 1756ರಲ್ಲಿ, ಬರ್ಲಿನ್ನಿನ ಫಿಲಿಪ್ ಪ್ಫಾಫ್ ತೆರೆದುಬಿದ್ದ ಹಲ್ಲಿನ ಜೀವಭಾಗದ ಮೇಲೆ ತೆಳ್ಳನೆಯ ಚಿನ್ನದ ತಗಡನ್ನು ಮುಚ್ಚಿ ಅದನ್ನು ಬದುಕಿಸಲು ನೋಡಿದ. ಹೀಗೆ ಒಂದೇ ತಲೆಮಾರಿನಲ್ಲಿ ಎರಡು ಯೋಚನೆಗಳು ಜೊತೆಯಾಗಿ ಹುಟ್ಟಿದವು: ಹಲ್ಲಿನ ಹೊರಗನ್ನು ಮುಚ್ಚುವುದು, ಹಲ್ಲಿನ ಒಳಗನ್ನು ಉಳಿಸುವುದು. ಮುಂದಿನ ಕತೆಯೆಲ್ಲ ಇವೆರಡರ ಜಗಳ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿದ್ಯೆ ಅಮೆರಿಕೆಗೆ ದಾಟಿತು. ಹಲ್ಲಿನ ಒಳಗಿನ ನರ ನೋಯುತ್ತಿದ್ದರೆ ಅದನ್ನು ಕೊಂದುಬಿಡಬಹುದಲ್ಲ ಎಂದು ಸ್ಪೂನರ್ ಎಂಬಾತ 1836ರಲ್ಲಿ ಪಾಷಾಣವನ್ನು ಬಳಸಲು ಹೇಳಿಕೊಟ್ಟ. 1838ರಲ್ಲಿ ಎಡ್ವರ್ಡ್ ಮೇನಾರ್ಡ್ ಗಡಿಯಾರದ ಸ್ಪ್ರಿಂಗನ್ನು ಅರದಿಂದ ಉಜ್ಜಿ ಕೂದಲೆಳೆಯಂಥ ಕೊಕ್ಕೆ ಮಾಡಿ, ಬೇರಿನ ನಾಳದೊಳಗಿನ ಸತ್ತ ನರವನ್ನು ಎಳೆದುಹಾಕಿದ. ಬರಿದಾದ ನಾಳವನ್ನು ಯಾವುದರಿಂದ ತುಂಬಬೇಕೆಂಬ ಪ್ರಶ್ನೆಗೆ ಉತ್ತರ ಬಂದದ್ದು ಮಲಯದ ಕಾಡುಗಳಿಂದ. ಅಲ್ಲಿನ ಮರವೊಂದರ ಹಾಲು ಗಟ್ಟಿಯಾಗಿ ಗಟಾಪರ್ಚಾ ಆಗುತ್ತದೆ. ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಆರಿದರೆ ಬಿಗಿಯುತ್ತದೆ. 1843ರಲ್ಲಿ ಸಿಂಗಪುರದ ಕಡೆಯಿಂದ ಮಾಂಟ್‌ಗೊಮರಿ ಎಂಬ ವೈದ್ಯನ ಮೂಲಕ ಇಂಗ್ಲೆಂಡಿಗೆ ತಿಳಿದ ಈ ವಸ್ತು ಮೊದಲು ಸಮುದ್ರದಡಿಯ ತಂತಿಗೆ ಹೊದಿಕೆಯಾಯಿತು. 1867ರಲ್ಲಿ ಬೋಮನ್ ಎಂಬಾತನ ಕೈಯಲ್ಲಿ ಹಲ್ಲಿನ ಬೇರಿಗೆ ಇಳಿಯಿತು. ಖಂಡಖಂಡಗಳ ಸುದ್ದಿಯನ್ನು ಹೊತ್ತ ಅಂಟು ಇಂದಿಗೂ ನಮ್ಮ ದವಡೆಯಲ್ಲಿ ಕುಳಿತಿದೆ. ಈ ಮಧ್ಯೆ 1864ರಲ್ಲಿ ನ್ಯೂಯಾರ್ಕಿನ ಸ್ಯಾನ್‌ಫರ್ಡ್ ಬಾರ್ನಮ್ ಒಂದು ತೆಳುವಾದ ರಬ್ಬರ್ ಹಾಳೆಗೆ ತೂತು ಹೊಡೆದು ಹಲ್ಲಿನ ಸುತ್ತ ಬಿಗಿದ. ಎಂಜಲು ಹತ್ತಿರ ಸುಳಿಯದೆ ಕೆಲಸ ಮಾಡಲು ಅದರಿಂದ ಸಾಧ್ಯವಾಯಿತು. ಆತ ಅದಕ್ಕೆ ಪೇಟೆಂಟು ಕೇಳದೆ ಎಲ್ಲರಿಗೂ ಬಿಟ್ಟುಕೊಟ್ಟ.

ಟೊಪ್ಪಿಗೆ ಮಾಡುವವರೆಲ್ಲ ಅಷ್ಟು ಉದಾರಿಗಳಾಗಿರಲಿಲ್ಲ. 1880ರ ದಶಕದಲ್ಲಿ ರಿಚ್ಮಂಡ್ ಎಂಬಾತನ ಹೆಸರಿನ ಕ್ರೌನು ಪ್ರಸಿದ್ಧವಾಯಿತು: ಬೇರಿನೊಳಗೆ ಮೊಳೆ, ಮೇಲೆ ಚಿನ್ನ, ನಕ್ಕರೆ ಕಾಣುವ ಕಡೆ ಪಿಂಗಾಣಿ. ಇಂಥ ಪೇಟೆಂಟುಗಳನ್ನು ಕೈವಶ ಮಾಡಿಕೊಂಡ ಇಂಟರ್‌ನ್ಯಾಷನಲ್ ಟೂತ್ ಕ್ರೌನ್ ಕಂಪೆನಿ ಊರೂರ ದಂತವೈದ್ಯರ ಮೇಲೆ ಮೊಕದ್ದಮೆ ಹೂಡತೊಡಗಿತು. ಹಲ್ಲಿಗೆ ಟೊಪ್ಪಿಗೆ ಹಾಕಿದರೆ ಕಂಪೆನಿಗೆ ಕಪ್ಪ ಕೊಡಬೇಕು! 1888ರಲ್ಲಿ ಷಿಕಾಗೊದ ಕ್ರೌಸ್ ಎಂಬಾತ ವೈದ್ಯರ ರಕ್ಷಣಾ ಸಂಘವೊಂದನ್ನು ಕಟ್ಟಿ ನ್ಯಾಯಾಲಯದಲ್ಲಿ ಹೋರಾಡಿದ ಮೇಲೆ ಈ ಕಾಟ ತಗ್ಗಿತು. ಸುಮಾರು ಅದೇ ಕಾಲಕ್ಕೆ ಡೆಟ್ರಾಯಿಟಿನ ಚಾರ್ಲ್ಸ್ ಲ್ಯಾಂಡ್ ಪೂರ್ತಿ ಪಿಂಗಾಣಿಯ ಕ್ರೌನನ್ನು ಸಾಧಿಸಿದ. 1927ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ಹಾರಿ ದಾಟಿದ ಲಿಂಡ್‌ಬರ್ಗ್ ಈತನ ಮಗಳ ಮಗ.

ಇಲ್ಲಿ ಕನ್ನಡನಾಡಿನ ಒಂದು ನೆನಪನ್ನು ತರುವುದು ಅಪ್ರಸ್ತುತವಲ್ಲ. 1907ರಲ್ಲಿ ಷಿಕಾಗೊದ ವಿಲಿಯಂ ಟ್ಯಾಗರ್ಟ್ ಮೇಣದಲ್ಲಿ ಹಲ್ಲಿನ ಆಕಾರ ಮಾಡಿ, ಅದರ ಸುತ್ತ ಅಚ್ಚು ಕಟ್ಟಿ, ಮೇಣವನ್ನು ಕರಗಿಸಿ ಕಳೆದು, ಆ ಪೊಳ್ಳಿಗೆ ಕರಗಿದ ಚಿನ್ನವನ್ನು ತುಂಬುವ ವಿಧಾನವನ್ನು ಪ್ರಕಟಿಸಿದ. ಕೂದಲಷ್ಟೂ ಸಂದಿಲ್ಲದೆ ಹಲ್ಲಿಗೆ ಕೂರುವ ಚಿನ್ನ ಇದರಿಂದ ಸಾಧ್ಯವಾಯಿತು. ಆತ ಪೇಟೆಂಟನ್ನೂ ಪಡೆದ. ಆದರೆ ನ್ಯಾಯಾಲಯದಲ್ಲಿ ಅದು ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? ಹನ್ನೆರಡನೆಯ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮೇಣದ ಅಚ್ಚಿನಿಂದ ಲೋಹದ ವಿಗ್ರಹ ಎರೆಯುವ ಕ್ರಮ ವಿವರವಾಗಿದೆ. ದೇವರ ಮೂರ್ತಿಗೆ ಬಳಕೆಯಾದ ವಿದ್ಯೆಯೇ ದವಡೆಯ ಹಲ್ಲಿಗೂ ಒದಗಿತು. ಸೋಮೇಶ್ವರನಂತೂ ಯಾರ ಮೇಲೂ ದಾವೆ ಹೂಡಲಿಲ್ಲ.

ಇಷ್ಟಾದರೂ ಟೊಪ್ಪಿಗೆಯ ಕೆಳಗೆ ಒಂದು ಗುಟ್ಟು ಉಳಿದಿತ್ತು. ಬೇರನ್ನು ಸರಿಯಾಗಿ ತೊಳೆಯದೆ, ಸತ್ತ ನರವನ್ನು ಅರ್ಧ ತೆಗೆದು ಅರ್ಧ ಬಿಟ್ಟು, ಮೇಲೆ ಝಗಝಗಿಸುವ ಚಿನ್ನವನ್ನು ಕೂರಿಸುವ ಕೆಲಸ ಎಲ್ಲೆಡೆಯೂ ನಡೆಯುತ್ತಿತ್ತು. ಬರ್ಲಿನ್ನಿನಲ್ಲಿದ್ದ ಅಮೆರಿಕನ್ ವಿಜ್ಞಾನಿ ಮಿಲ್ಲರ್ 1890ರ ಸುಮಾರಿಗೆ ಬಾಯಿಯ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿ, ಅವು ಆಹಾರದ ಸಕ್ಕರೆಯಿಂದ ಹುಟ್ಟಿಸುವ ಆಮ್ಲವೇ ಹಲ್ಲನ್ನು ಕರಗಿಸುತ್ತದೆಂದು ತೋರಿಸಿದ್ದ. ಹುಳು ಇದ್ದದ್ದು ನಿಜವೇ. ಅದು ಕಣ್ಣಿಗೆ ಕಾಣದ ಹುಳು. ಆ ಹುಳುಗಳನ್ನು ಒಳಗೆ ಬಿಟ್ಟು ಮೇಲೆ ಚಿನ್ನದ ಬಾಗಿಲು ಹಾಕಿದರೆ ಏನಾಗಬೇಕೋ ಅದೇ ಆಗುತ್ತಿತ್ತು.

1910ರ ಅಕ್ಟೋಬರ್ 3ರಂದು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾನಿಲಯದಲ್ಲಿ ಭಾಷಣ ಮಾಡಿದ. ಅಮೆರಿಕನ್ ಮಾದರಿಯ ಕ್ರೌನುಗಳನ್ನೂ ಬ್ರಿಡ್ಜುಗಳನ್ನೂ ಆತ ಕೀವಿನ ರಾಶಿಯ ಮೇಲೆ ಕಟ್ಟಿದ ಚಿನ್ನದ ಗೋರಿಗಳಿಗೆ ಹೋಲಿಸಿದ. ರಕ್ತಹೀನತೆ, ಹೊಟ್ಟೆಯ ರೋಗ, ಮೂತ್ರಪಿಂಡದ ರೋಗ ಮುಂತಾದವುಗಳ ಬೇರು ಈ ಕೊಳೆಯಲ್ಲಿದೆಯೆಂದು ವಾದಿಸಿದ. ಆತ ಬೈದದ್ದು ಹೊಲಸನ್ನು ಮುಚ್ಚಿಟ್ಟ ಕೆಲಸವನ್ನು. ಆ ಮಟ್ಟಿಗೆ ಆತನ ಮಾತು ಸರಿಯಾಗಿಯೇ ಇತ್ತು. ಆದರೆ ಉಪಮೆ ಬಲವಾಗಿದ್ದರೆ ಅದು ಪ್ರಮಾಣದ ಜಾಗದಲ್ಲಿ ಕುಳಿತುಬಿಡುತ್ತದೆ. ಸಾಹಿತ್ಯದಲ್ಲಿ ಇದರಿಂದ ಹೆಚ್ಚಿನ ಕೇಡಿಲ್ಲ, ವೈದ್ಯದಲ್ಲಿ ಇದೆ. ಷಿಕಾಗೊದ ಫ್ರಾಂಕ್ ಬಿಲ್ಲಿಂಗ್ಸ್ 1912ರಲ್ಲಿ ಈ ಮತಕ್ಕೆ ‘ಫೋಕಲ್ ಇನ್ಫೆಕ್ಷನ್’ ಎಂಬ ಶಾಸ್ತ್ರೀಯ ನಾಮಕರಣ ಮಾಡಿದ. ವೆಸ್ಟನ್ ಪ್ರೈಸ್ ಎಂಬಾತ ಕಿತ್ತ ಹಲ್ಲುಗಳನ್ನು ಮೊಲಗಳ ಚರ್ಮದಡಿ ಹೂತು, ಮೊಲಗಳು ರೋಗಕ್ಕೆ ಬಿದ್ದುದನ್ನು ತೋರಿಸಿ, 1923ರಲ್ಲಿ ದಪ್ಪ ಸಂಪುಟಗಳನ್ನು ಹೊರಡಿಸಿದ. ನರ ತೆಗೆದ ಹಲ್ಲೆಂದರೆ ಕೀಳಲೇಬೇಕಾದ ಹಲ್ಲು ಎಂಬುದು ಒಂದು ಮತಾಚಾರವೇ ಆಯಿತು. ನೂರಕ್ಕೆ ನೂರನ್ನೂ ಕೀಳುವ ವೈದ್ಯರಿಗೆ ‘ಹಂಡ್ರೆಡ್ ಪರ್ಸೆಂಟರ್’ ಎಂಬ ಅಡ್ಡಹೆಸರೂ ಬಿತ್ತು.

ಈ ಮತದ ಕೊನೆಯ ಮೆಟ್ಟಿಲು ಭಯಂಕರವಾದದ್ದು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥನಾಗಿದ್ದ ಹೆನ್ರಿ ಕಾಟನ್ ಹುಚ್ಚಿಗೂ ಹಲ್ಲಿನ ಕೀವೇ ಕಾರಣವೆಂದು ನಂಬಿದ. ರೋಗಿಗಳ ಹಲ್ಲು ಕೀಳಿಸಿದ. ಗುಣವಾಗದಿದ್ದರೆ ಗಂಟಲ ಗ್ರಂಥಿ, ಅದಕ್ಕೂ ಆಗದಿದ್ದರೆ ಕರುಳು. ಅನೇಕರು ಶಸ್ತ್ರಕ್ರಿಯೆಯಿಂದಲೇ ಸತ್ತರು. ಆತ ಠಕ್ಕನಲ್ಲ, ತನ್ನ ಮಕ್ಕಳ ಹಲ್ಲುಗಳನ್ನೇ ಕೀಳಿಸಿದ ನಂಬುಗೆಯ ಮನುಷ್ಯ. ಫಿಲಿಸ್ ಗ್ರೀನೇಕರ್ ಎಂಬ ಯುವ ವೈದ್ಯೆ 1920ರ ದಶಕದ ನಡುವೆ ಆತನ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ, ಗುಣವಾಗಿದೆಯೆಂಬ ಮಾತು ಸುಳ್ಳೆಂದು ವರದಿ ಬರೆದಳು. ಆ ವರದಿಯನ್ನು ಹಿರಿಯರು ಹೊರಬಿಡಲಿಲ್ಲ.

ಇದೆಲ್ಲ ದೂರದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ತಾಯಿಯ ತಾಯಿಗೆ 1950ರ ದಶಕದ ಕೊನೆಯಲ್ಲಿ ಮಂಡಿನೋವು ಬಂದಿತ್ತು. ಊರಿನ ಡಾಕ್ಟರೊಬ್ಬರು ಇಂಗ್ಲಿಷು ಪುಸ್ತಕಗಳನ್ನು ಚೆನ್ನಾಗಿ ಓದಿಕೊಂಡವರಂತೆ; ಹಲ್ಲಿನ ವಿಷ ಕೀಲಿಗೆ ಇಳಿದಿದೆ, ಎಲ್ಲವನ್ನೂ ತೆಗೆಸಿ ಎಂದರಂತೆ. ತಿಂಗಳೊಳಗೆ ಅಜ್ಜಿಯ ಬಾಯಿ ಬರಿದಾಯಿತು. ಮಂಡಿನೋವು ಅವರು ತೀರಿಕೊಳ್ಳುವವರೆಗೂ ಉಳಿಯಿತು. ಹಿತ್ತಾಳೆಯ ಕುಟ್ಟಾಣಿಯಲ್ಲಿ ಎಲೆಯಡಕೆಯನ್ನು ಕುಟ್ಟಿಕೊಳ್ಳುತ್ತಿದ್ದ ಅವರ ಸದ್ದು ನನಗೆ ಚೆನ್ನಾಗಿ ನೆನಪಿದೆ. ಹಬ್ಬದ ಚಕ್ಕುಲಿಯನ್ನೂ ಅದರಲ್ಲೇ ಪುಡಿಮಾಡಿ ತಿನ್ನುತ್ತಿದ್ದರು. ಆ ಕುಟ್ಟಾಣಿಯ ಹಿಂದೆ ಮಾಂಟ್ರಿಯಲ್ಲಿನ ಒಂದು ಭಾಷಣವಿತ್ತೆಂಬುದು ಅವರಿಗೆ ತಿಳಿಯುವಂತಿರಲಿಲ್ಲ. ತಿಳಿಯದೆ ಬಂದ ಡಾಕ್ಟರನ್ನು ದೂರಿ ಫಲವೂ ಇಲ್ಲ. ಪುಸ್ತಕಗಳಲ್ಲಿ ಇದ್ದುದನ್ನೇ ಅವರು ಹೇಳಿದ್ದರು. ಆದರೆ ಅಷ್ಟು ಹೊತ್ತಿಗೆ ಆ ಪುಸ್ತಕಗಳು ಹಳತಾಗಿದ್ದವು.

ಏಕೆಂದರೆ ಅಲೆ ತಿರುಗಿ ಇಪ್ಪತ್ತು ವರ್ಷವಾಗಿತ್ತು. ತಿರುಗಿಸಿದವರಲ್ಲಿ ಮೊದಲಿಗರೊಬ್ಬರು ನ್ಯೂ ಆರ್ಲಿಯನ್ಸಿನ ಎಡ್ಮಂಡ್ ಕೆಲ್ಸ್. ರಾಂಟ್‌ಜೆನ್ 1895ರ ನವೆಂಬರಿನಲ್ಲಿ ಎಕ್ಸ್‌ರೇಯನ್ನು ಕಂಡುಹಿಡಿದ ಮರುವರ್ಷವೇ ಅದನ್ನು ಹಲ್ಲಿನ ಚಿಕಿತ್ಸೆಗೆ ತಂದವರು ಇವರು. ಬೇರಿನ ತುದಿ ಕಣ್ಣಿಗೆ ಕಾಣುವಂತಾಯಿತು. ಆದರೆ ಚಿತ್ರದಲ್ಲಿ ಕಂಡ ಪ್ರತಿ ಮಸುಕು ಚುಕ್ಕೆಯನ್ನೂ ನೆಪಮಾಡಿಕೊಂಡು ಹಲ್ಲು ಕೀಳತೊಡಗಿದ ಸಹೋದ್ಯೋಗಿಗಳನ್ನು ಕಂಡು, ಇದು ಈ ಯುಗದ ಅಪರಾಧವೆಂದು 1920ರಲ್ಲಿ ಕೆಲ್ಸ್ ಬಹಿರಂಗವಾಗಿ ಖಂಡಿಸಿದರು. ಆ ಕಿರಣಗಳ ಅಪಾಯ ಅರಿಯದ ಕಾಲದಲ್ಲಿ ರೋಗಿಗಳ ಬಾಯಲ್ಲಿ ತಾವೇ ಫಿಲ್ಮು ಹಿಡಿದಿದ್ದ ಅವರ ಬೆರಳುಗಳು, ಆಮೇಲೆ ಕೈ, ಆಮೇಲೆ ತೋಳು ಕ್ಯಾನ್ಸರಿಗೆ ಹೋದವು. ನೋವು ತಾಳಲಾರದೆ 1928ರಲ್ಲಿ ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಪರರ ಹಲ್ಲುನೋವಿಗಾಗಿ ಇದಕ್ಕಿಂತ ಹೆಚ್ಚು ತೆತ್ತವರನ್ನು ನಾನು ಕಂಡಿಲ್ಲ.

1938ರಲ್ಲಿ ಸೆಸಿಲ್, ಆಂಜೆವೈನ್ ಎಂಬ ಇಬ್ಬರು ವೈದ್ಯರು 200 ಕೀಲುವಾತದ ರೋಗಿಗಳನ್ನು ಲೆಕ್ಕಹಾಕಿ, ಹಲ್ಲು ಗ್ರಂಥಿಗಳನ್ನು ತೆಗೆದದ್ದರಿಂದ ಹೇಳಿಕೊಳ್ಳುವ ಉಪಯೋಗವಾಗಿಲ್ಲವೆಂದರು. ಸೆಸಿಲ್ ಮೊದಲು ಆ ಮತದ ಪಕ್ಷದಲ್ಲೇ ಇದ್ದವರು. ಅಂಕಿಗಳನ್ನು ಕಂಡು ಮನಸ್ಸು ಬದಲಿಸಿದರು. ಪ್ರೈಸರ ಮೊಲಗಳಿಗೆ ಹೊಕ್ಕ ಕ್ರಿಮಿಗಳ ಪ್ರಮಾಣ ವಿಪರೀತವಾಗಿತ್ತು, ಕೀಳುವಾಗಲೇ ಹಲ್ಲಿಗೆ ಬಾಯಿಯ ಕೊಳೆ ಹತ್ತಿತ್ತು ಎಂಬುದೂ ತಿಳಿಯಿತು. ಫಿಲಡೆಲ್ಫಿಯದ ಲೂಯಿ ಗ್ರಾಸ್‌ಮನ್ 1940ರಲ್ಲಿ ಬೇರಿನ ಚಿಕಿತ್ಸೆಗೇ ಒಂದು ಪಠ್ಯಗ್ರಂಥ ಬರೆದರು. 1943ರಲ್ಲಿ ಷಿಕಾಗೊದಲ್ಲಿ ಆ ಚಿಕಿತ್ಸಕರ ಸಂಘ ಹುಟ್ಟಿತು. 1963ರಲ್ಲಿ ಅಮೆರಿಕದಲ್ಲಿ ಅದು ಪ್ರತ್ಯೇಕ ವಿಶೇಷ ಶಾಖೆಯೆಂಬ ಮನ್ನಣೆ ಪಡೆಯಿತು. 1965ರಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗ ಚರ್ಚೆಯನ್ನೇ ಮುಗಿಸಿತು. ಸಾಮಾನ್ಯ ಇಲಿಯ ಹಲ್ಲಿನ ನರವನ್ನು ತೆರೆದಿಟ್ಟರೆ ಅದು ಕೊಳೆತು ಸತ್ತಿತು. ಕ್ರಿಮಿಯೇ ಇಲ್ಲದಂತೆ ಸಾಕಿದ ಇಲಿಯ ನರ ತಾನಾಗಿ ಮಾಯ್ದುಕೊಂಡಿತು. ಶತ್ರು ಹಲ್ಲಲ್ಲ, ಚಿನ್ನವೂ ಅಲ್ಲ. ಒಳಗೆ ಉಳಿದ ಕೊಳೆ. ಕೊಳೆಯನ್ನು ತೆಗೆದರೆ ಹಲ್ಲನ್ನು ತೆಗೆಯಬೇಕಾಗಿಲ್ಲ. ನಮ್ಮ ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು ಆರಂಭವಾದದ್ದು 1958ರಲ್ಲಿ, ಅಂದರೆ ಈ ತಿಳಿವಳಿಕೆ ಹಣ್ಣಾಗುತ್ತಿದ್ದ ಕಾಲದಲ್ಲಿ.

ಈಗ ಮೊದಲ ಪ್ರಶ್ನೆಗೆ ಬರಬಹುದು. ಹತ್ತು ವರ್ಷದ ಹಿಂದೆ ಟೊಪ್ಪಿಗೆ ತೊಟ್ಟಿದ್ದ ನನ್ನ ಕೆಳದವಡೆಯ ಹಲ್ಲೊಂದು ಈಚೆಗೆ ತಕರಾರು ತೆಗೆದಾಗ ವೈದ್ಯರು ಮಾಡಿದ್ದು ಯಾವ ಚಿಕಿತ್ಸೆಯನ್ನೂ ಅಲ್ಲ, ವಿಚಾರಣೆಯನ್ನು. ಕಚ್ಚಿದರೆ ನೋವೋ, ಬಿಸಿಗೆ ನೋವೋ, ರಾತ್ರಿ ಎಬ್ಬಿಸುತ್ತದೋ ಎಂದು ಕೇಳಿದರು. ತಟ್ಟಿ ನೋಡಿದರು, ಒಸಡಿನ ಸುತ್ತ ಸಣ್ಣ ಕಡ್ಡಿಯಿಂದ ಆಳ ಅಳೆದರು, ಎಕ್ಸ್‌ರೇ ತೆಗೆದರು. ಲೋಹದ ಕ್ಯಾಪು ಎಕ್ಸ್‌ರೇಯಲ್ಲಿಯೂ ಬಿಳಿಯ ಗೋಡೆಯಾಗಿ ನಿಲ್ಲುತ್ತದೆ, ಅದರ ಹಿಂದಿನ ಹುಳುಕನ್ನು ಬಿಟ್ಟುಕೊಡದು. ಬೇರಿನ ತುದಿ ಮಾತ್ರ ಕಾಣುತ್ತದೆ. ಕಾರಣದ ಮೇಲೆ ದಾರಿ. ಹೊಸ ಕ್ಯಾಪು ಸ್ವಲ್ಪ ಎತ್ತರವಾಗಿ ಕುಳಿತು ಎದುರು ಹಲ್ಲಿಗೆ ಮೊದಲು ತಾಗುತ್ತಿದ್ದರೆ ಒಂದಿಷ್ಟು ಉಜ್ಜಿದರೆ ಸಾಕು. ನರ ಉರಿಯೆದ್ದು ಸಾಯುತ್ತಿದ್ದು, ಕ್ಯಾಪು ಗಟ್ಟಿಯಾಗಿದ್ದರೆ ಅದರ ನೆತ್ತಿಯಲ್ಲೇ ತೂತು ಕೊರೆದು ಬೇರಿನ ನಾಳ ತೊಳೆದು ತುಂಬಿ, ತೂತನ್ನು ಮುಚ್ಚುತ್ತಾರೆ. ಕ್ಯಾಪಿನ ಅಂಚಿನಲ್ಲಿ ಹುಳುಕು ನುಸುಳಿದ್ದರೆ ಕ್ಯಾಪನ್ನೇ ಕಳಚಿ, ಒಳಗನ್ನು ಶುದ್ಧಮಾಡಿ, ಹೊಸದನ್ನು ಹಾಕಬೇಕು. ಹಿಂದೆಯೇ ಬೇರಿನ ಚಿಕಿತ್ಸೆಯಾಗಿದ್ದು ಅದು ಕೆಟ್ಟಿದ್ದರೆ ಎರಡನೆಯ ಬಾರಿ ಮಾಡಬಹುದು; ಮೇಲಿನಿಂದ ದಾರಿಯಿಲ್ಲದಿದ್ದರೆ ಒಸಡನ್ನು ಬಿಡಿಸಿ ಬೇರಿನ ತುದಿಯನ್ನು ಕತ್ತರಿಸಿ ಮುಚ್ಚಬಹುದು. ಬೇರು ಉದ್ದಕ್ಕೆ ಸೀಳಿದ್ದರೆ ಮಾತ್ರ ಬಹುಮಟ್ಟಿಗೆ ಕೀಳುವುದೇ ಗತಿ. ಆಮೇಲೆ ಪಕ್ಕದ ಹಲ್ಲುಗಳನ್ನು ತೇದು ಬ್ರಿಡ್ಜು ಕಟ್ಟಬಹುದು. ಇಲ್ಲವೆ ಸ್ವೀಡನ್ನಿನ ಬ್ರಾನೆಮಾರ್ಕ್ 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಯಲ್ಲಿ ನೆಟ್ಟ ಟೈಟೇನಿಯಂ ತಿರುಪಿನ ವಂಶದ್ದೊಂದನ್ನು ನೆಡಿಸಿಕೊಳ್ಳಬಹುದು. ನನ್ನ ಹಲ್ಲಿನಲ್ಲಿ ಹುಳುಕು ಅಂಚಿನಿಂದ ನುಸುಳಿತ್ತು. ಕ್ಯಾಪು ಹೋಯಿತು, ನರ ಹೋಯಿತು, ಹಲ್ಲು ಉಳಿಯಿತು.

ಮಾತ್ರೆಗಳ ವಿಷಯವಾಗಿ ಒಂದು ಮಾತು. ನೋವಿನ ಮಾತ್ರೆ ನೋವನ್ನು ಮುಚ್ಚುತ್ತದೆ. ಆಂಟಿಬಯೋಟಿಕ್ ಮಾತ್ರೆ ಸುತ್ತಲಿನ ಬಾವನ್ನು ಇಳಿಸಬಹುದು. ಸತ್ತ ನರದೊಳಗೆ ರಕ್ತವೇ ಹರಿಯದಿರುವಾಗ ಮಾತ್ರೆಯ ಮದ್ದು ಅಲ್ಲಿಗೆ ತಲುಪದು. ಅಂಗಡಿಯಿಂದ ಐದು ದಿನದ ಮಾತ್ರೆ ತಂದು ನುಂಗಿ ‘ವಾಸಿಯಾಯಿತು’ ಎನ್ನುವವರು ಟೊಪ್ಪಿಗೆಯ ಮೇಲೆ ಇನ್ನೊಂದು ಟೊಪ್ಪಿಗೆ ಹಾಕಿಕೊಂಡ ಹಾಗೆಯೇ. ಮುಖ ಊದಿ, ಜ್ವರ ಬಂದು, ನುಂಗುವುದೋ ಉಸಿರಾಡುವುದೋ ಕಷ್ಟವಾದರೆ ಅದು ದಂತವೈದ್ಯರ ಸರದಿಗೆ ಕಾಯುವ ಹೊತ್ತಲ್ಲ. ಆಗಲೇ ದೊಡ್ಡಾಸ್ಪತ್ರೆಗೆ ಹೋಗಬೇಕು.

ಬಾಯಿಯ ಕೊಳೆಗೂ ಮೈಯ ರೋಗಕ್ಕೂ ಸಂಬಂಧವೇ ಇಲ್ಲವೆಂದು ಇಷ್ಟರಿಂದ ಹೇಳಲಾಗದು. ಕೆಟ್ಟ ಹೃದಯಕವಾಟವುಳ್ಳವರಿಗೆ ಬಾಯಿಯ ಕ್ರಿಮಿಗಳು ಅಪಾಯ ತರುತ್ತವೆ. ಒಸಡಿನ ರೋಗಕ್ಕೂ ಸಕ್ಕರೆ ಕಾಯಿಲೆಗೂ ನಂಟಿದೆ. ಹಂಟರ್ ಕಂಡದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಆತನ ಹಿಂದೆ ಬಂದವರು ಒಂದು ನಿಜವನ್ನು ಹಿಡಿದು ಎಲ್ಲ ನಿಜವೂ ಅದೇ ಎಂದು ಓಡಿದರು. ಅವರನ್ನು ನಿಲ್ಲಿಸಿದ್ದು 200 ರೋಗಿಗಳ ಲೆಕ್ಕ, ಕೆಲವು ಇಲಿಗಳು, ತೋಳು ಕಳೆದುಕೊಂಡ ಒಬ್ಬ ವೈದ್ಯನ ಸಿಟ್ಟು. ಆದ್ದರಿಂದ ಟೊಪ್ಪಿಗೆಯ ಕೆಳಗೆ ನೋವೆದ್ದಾಗ ‘ಕಿತ್ತುಹಾಕಿ’ ಎಂದು ನಾವೇ ಹೇಳಿಬಿಡದೆ, ‘ನೋವು ಎಲ್ಲಿಂದ ಬರುತ್ತಿದೆ, ಉಳಿಸಲು ಏನು ದಾರಿ’ ಎಂದು ಮೊದಲು ಕೇಳುವುದು ಲೇಸು. ಕಿತ್ತ ಹಲ್ಲನ್ನು ಮರುದಿನ ಮನಸ್ಸು ಬದಲಿಸಿ ಮತ್ತೆ ನೆಡಲಾಗುವುದಿಲ್ಲ. ಕೇಳಿದ ಪ್ರಶ್ನೆಯಿಂದ ಯಾರಿಗೂ ನಷ್ಟವಾದದ್ದಿಲ್ಲ.